ಎರಡು ಕರಡಿಗೆ

ಸೂಜಿ ಕೊಟ್ಟದ್ದು ಏಳೂವರೆಗೆ. ಆ ದಿನದ ಬಗ್ಗೆ ನನಗೆ ಖಚಿತವಾಗಿ ಗೊತ್ತಿರುವುದು ಇದೊಂದೇ. ಅಜ್ಜಿಗೆ ಇನ್ಸುಲಿನ್ ಕೊಡುವಾಗ ಗಡಿಯಾರ ನೋಡಲೇಬೇಕಿತ್ತು. ಕೊಟ್ಟ ಅರ್ಧ ಗಂಟೆಯೊಳಗೆ ಅವಳ ಹೊಟ್ಟೆಗೆ ಏನಾದರೂ ಬೀಳಬೇಕು, ಇಲ್ಲದಿದ್ದರೆ ಸಕ್ಕರೆ ಇಳಿದು ಪ್ರಜ್ಞೆ ತಪ್ಪುತ್ತದೆ, ಆಮೇಲೆ ಏನು ಬೇಕಾದರೂ ಆಗಬಹುದು ಎಂದು ತುಮಕೂರಿನ ಡಾಕ್ಟರು ಪ್ರವಾಸಕ್ಕೆ ಮೊದಲು ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದರು. ನಾನು ಆಗ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಊರಿನಲ್ಲಾದರೆ ಅಜ್ಜಿಗೆ ಆಸ್ಪತ್ರೆಯ ನರ್ಸು ಕೊಡುತ್ತಿದ್ದರು; ಪ್ರವಾಸಕ್ಕೆ ಹೊರಟವರಲ್ಲಿ ಸೂಜಿ ಹಿಡಿಯಲು ಬರುತ್ತಿದ್ದವನು ನಾನೊಬ್ಬನೇ.

ಮಿಕ್ಕದ್ದನ್ನು ನಮ್ಮ ಮನೆಯವರು ಒಬ್ಬೊಬ್ಬರು ಒಂದೊಂದು ತರಹ ಹೇಳುತ್ತಾರೆ. ಗುಬ್ಬಿ ಅತ್ತೆ ಹೇಳುವ ಕಥೆಯಲ್ಲಿ ಅದೊಂದು ಪವಾಡ. ಮದುವೆ ಮನೆಗಳಲ್ಲಿ, ಗೃಹಪ್ರವೇಶಗಳಲ್ಲಿ ಅವರು ಅದನ್ನು ಹೇಳುವಾಗ ನಾನು ಎದುರಿಗಿದ್ದರೆ "ಇವನೇ ನೋಡಿ, ಇವನ ಕೈಗೇ ಸಿಕ್ಕಿದ್ದು" ಎಂದು ನನ್ನ ಭುಜ ಹಿಡಿಯುತ್ತಾರೆ. ನಾನು ತಲೆಯಾಡಿಸುತ್ತೇನೆ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆಯಿಂದ ಬಾಡಿಗೆಯ ಟ್ರ್ಯಾಕ್ಸ್ ವ್ಯಾನಿನಲ್ಲಿ ಅಪ್ಪ, ಅಮ್ಮ, ನಾನು ಹೊರಟೆವು. ದಾರಿಯಲ್ಲಿ ಗುಬ್ಬಿಯಲ್ಲಿ ಅಪ್ಪನ ತಂಗಿಯನ್ನು, ನಿಟ್ಟೂರಿನಲ್ಲಿ ಅಪ್ಪನ ತಾಯಿಯನ್ನು ಹತ್ತಿಸಿಕೊಂಡು, ಸಿ.ಎಸ್. ಪುರದ ಮೇಲೆ ಕುಣಿಗಲ್ ಕಡೆಗೆ. ಮನೆದೇವರಿಗೆ ಹೋಗಿಬರಬೇಕೆಂಬುದು ಅಜ್ಜಿಯ ಆಸೆ. ದೇವಸ್ಥಾನ ದೂರವಿದ್ದುದರಿಂದ ಕುಣಿಗಲ್ ಆಚೆಯ ಒಂದು ಸಣ್ಣ ಮಠದಲ್ಲಿ ಒಂದು ರಾತ್ರಿ ತಂಗುವುದೆಂದು ಅಪ್ಪ ಪತ್ರ ಬರೆದು ಗೊತ್ತುಮಾಡಿದ್ದರು. ಮಠಕ್ಕೆ ಎಂಟು ಕೋಣೆಗಳ ಒಂದು ಯಾತ್ರಿನಿವಾಸವಿತ್ತು. ಅದನ್ನು ಇಬ್ಬರು ಕಿರಿಯ ಸ್ವಾಮಿಗಳೇ ನಡೆಸುತ್ತಿದ್ದರು. ಒಬ್ಬರು ಅಡಿಗೆಮನೆ, ಇನ್ನೊಬ್ಬರು ಕೋಣೆಗಳು. ಕೋಣೆಯ ಸ್ವಾಮಿಗಳಿಗೆ ಮೂವತ್ತೋ ಮೂವತ್ತೆರಡೋ ಇರಬೇಕು. ನಾವು ಹೋದಾಗ ಕಾವಿಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿಕೊಂಡು ಜಗಲಿ ತೊಳೆಯುತ್ತಿದ್ದರು. ಅಜ್ಜಿ ಆ ಒದ್ದೆಯಲ್ಲೇ ಅಡ್ಡಬಿದ್ದಳು. "ಏಳಿ ತಾಯಿ, ಸೀರೆ ನೆನೀತದೆ" ಎಂದು ಅವರು ಪೊರಕೆಯನ್ನು ಹಿಂದಕ್ಕೆ ಮುಚ್ಚಿಟ್ಟುಕೊಂಡರು.

ಅಲ್ಲಿ ಒಂದು ನಿಯಮವಿತ್ತು. ಬೆಳಗ್ಗೆ ಎಲ್ಲರೂ ಲಿಂಗಪೂಜೆ ಮುಗಿಸಿಯೇ ಪಂಕ್ತಿಗೆ ಬರಬೇಕು. ನಮ್ಮವರಿಗೆ ಇದು ಹೊಸದಲ್ಲ. ಮಗುವಾಗಿದ್ದಾಗಲೋ ದೀಕ್ಷೆಯಲ್ಲೋ ಗುರು ಕೊಟ್ಟ ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು, ಶಿವದಾರದಲ್ಲಿ ಪೋಣಿಸಿ, ಸಾಯುವತನಕ ಎದೆಯ ಮೇಲೆ ಧರಿಸಬೇಕು. ಸತ್ತ ಮೇಲೆ ಅದು ಅಂಗೈಯಲ್ಲಿ ಕೂತು ಜೊತೆಗೇ ಮಣ್ಣಿಗೆ ಹೋಗುತ್ತದೆ. ಅಕಸ್ಮಾತ್ ಕಳೆದುಹೋದರೆ, ಸಿಗುವವರೆಗೆ ಅಥವಾ ಗುರು ಬೇರೆಯದು ಕೊಡುವವರೆಗೆ ಒಂದು ತೊಟ್ಟು ನೀರೂ ಬಾಯಿಗೆ ಹಾಕಬಾರದು. ಹೀಗೆಂದು ಎಲ್ಲರೂ ಹೇಳುತ್ತಿದ್ದರು. ಹಾಗೆ ಬದುಕುತ್ತಿದ್ದವಳು ಅಜ್ಜಿ ಮಾತ್ರ.

ನನ್ನ ಕರಡಿಗೆ ಖಾಲಿಯಿತ್ತು.

ಕಾಲೇಜಿನ ಮೈದಾನದಲ್ಲಿ ವಾಲಿಬಾಲ್ ಆಡುವಾಗ ಮುಚ್ಚಳ ಬಿಚ್ಚಿಕೊಂಡು ಲಿಂಗ ಎಲ್ಲೋ ಬಿದ್ದಿತ್ತು. ಹುಡುಕಿದೆ. ಎಷ್ಟು ಹೊತ್ತು? ಒಂದು ಗಂಟೆ ಎಂದು ಅಮ್ಮನಿಗೆ ಹೇಳಿದ್ದೆ. ಹತ್ತು ನಿಮಿಷವಿರಬೇಕು. ಮನೆಗೆ ಬಂದು ಚಿತ್ರಾನ್ನ ತಿಂದು ಮಲಗಿದೆ. ಒಂದು ವಾರದ ಮೇಲೆ ಅಮ್ಮನಿಗೆ ತಿಳಿಸಿದೆ. "ಮಠಕ್ಕೆ ಹೋದಾಗ ಇಸ್ಕೊಂಡರಾಯ್ತು. ನಿಮ್ಮಜ್ಜಿ ಕಿವಿಗೆ ಬೀಳೋದು ಬೇಡ" ಎಂದಳು ಅಮ್ಮ. ಇವತ್ತು ನಾಳೆ ಎಂದು ಮೂರು ವರ್ಷ ಕಳೆಯಿತು. ನಿಟ್ಟೂರಿಗೆ ಹೋಗುವಾಗಲೆಲ್ಲ ಖಾಲಿ ಕರಡಿಗೆಯನ್ನೇ ಕೊರಳಿಗೆ ಹಾಕಿಕೊಂಡು ಹೋಗುತ್ತಿದ್ದೆ.

ಆ ಬೆಳಗ್ಗೆ ಅಜ್ಜಿ ಸ್ನಾನ ಮಾಡಿ ಬಂದು ಚಾಪೆಯ ಮೇಲೆ ಕೂತಳು. ಮಠದ ಬಾಗಿಲಿನ ಅಂಗಡಿಯಲ್ಲಿ ಹಿಂದಿನ ಸಂಜೆ ಎರಡು ಹೊಸ ಶಿವದಾರ ಕೊಂಡಿದ್ದಳು.

"ಇದುನ್ನ ಪೋಣಿಸ್ಕೊಡವ್ವ" ಎಂದು ತನ್ನ ಕರಡಿಗೆಯನ್ನು ಅಮ್ಮನ ಮಡಿಲಿಗಿಟ್ಟಳು. ಮೈಮೇಲಿಂದ ತೆಗೆಯಬಾರದೆಂಬುದು ಅವಳದೇ ಕಟ್ಟು. ದಾರ ಬದಲಿಸುವ ಎರಡು ನಿಮಿಷಕ್ಕೆ ಮಾತ್ರ ವಿನಾಯಿತಿ. ಆ ಎರಡು ನಿಮಿಷ ಕಣ್ಣು ಮುಚ್ಚಿ ಮಂತ್ರ ಹೇಳಿಕೊಳ್ಳುತ್ತಿದ್ದಳು. ಕಣ್ಣು ಮುಚ್ಚುವ ಮೊದಲು ನನ್ನ ಕೊರಳು ನೋಡಿದಳು.

"ನಿಂದೂ ಕೊಡ್ಲಾ. ದಾರ ಎಣ್ಣೆ ಬತ್ತಿ ಆದಂಗಾಗೈತೆ."

ನಾನು ಕೊಡುವ ಮೊದಲೇ ಅಮ್ಮ ಕೈಚಾಚಿ ಕಿತ್ತುಕೊಂಡಳು. ಅಜ್ಜಿ ಅದನ್ನು ಮುಟ್ಟಿ ನೋಡಿಬಿಟ್ಟರೆ ಎಂಬ ಭಯ. ಎರಡು ಕರಡಿಗೆಗಳೂ ಸೆರಗಿನ ಕೆಳಗೆ ಸೇರಿದವು. ನನ್ನ ದೀಕ್ಷೆಯ ವರ್ಷ ಅಜ್ಜಿ ತನ್ನ ಹಳೆಯ ಬೆಳ್ಳಿ ಕೊಟ್ಟು ತುಮಕೂರಿನ ಒಂದೇ ಅಂಗಡಿಯಲ್ಲಿ ಇಬ್ಬರಿಗೂ ಒಂದೇ ಅಚ್ಚಿನವನ್ನು ಮಾಡಿಸಿದ್ದಳು. ಅಮ್ಮ ಅವಸರದಲ್ಲಿ ದಾರ ಪೋಣಿಸಿ, ಒಂದನ್ನು ಅಜ್ಜಿಯ ಕೊರಳಿಗೆ ಹಾಕಿದಳು. ಇನ್ನೊಂದನ್ನು ನನಗೆ ಎಸೆದಳು. ಎಸೆದಳೋ ಕೊಟ್ಟಳೋ? ಎಸೆದಳು ಎಂದರೆ ತಪ್ಪು ಪೂರ್ತಿ ಅಮ್ಮನದಾಗುತ್ತದೆ. ಅದಕ್ಕೇ ಹಾಗೆ ನೆನಪಿರಬಹುದು.

ಆಮೇಲೆ ಸೂಜಿ. ಏಳೂವರೆ.

ಪೂಜೆಗೆ ಮೊದಲು ಅಜ್ಜಿ ನೀರೂ ಕುಡಿಯುತ್ತಿರಲಿಲ್ಲ. ಆದರೆ ಸೂಜಿ ಬಾಯಿಂದ ಹೋಗುವುದಲ್ಲವಲ್ಲ ಎಂದು ತಾನೇ ತೀರ್ಮಾನಿಸಿಕೊಂಡಿದ್ದಳು. ಪೂಜೆಗೆ ಇಪ್ಪತ್ತು ನಿಮಿಷ, ಎಂಟಕ್ಕೆ ಪ್ರಸಾದ. ಲೆಕ್ಕ ಸರಿಯಾಗಿತ್ತು. ಅವಳು ವಿಭೂತಿ ಹಚ್ಚಿಕೊಂಡು, ಬಿಲ್ವಪತ್ರೆ ಮುಂದಿಟ್ಟುಕೊಂಡು, ಎಡಗೈಯ ಮೇಲೆ ಬಗ್ಗಿಸಲು ಕರಡಿಗೆಯ ಮುಚ್ಚಳ ತೆಗೆದಳು. ಬಗ್ಗಿಸಿದಳು. ಏನೂ ಬೀಳಲಿಲ್ಲ. ಇನ್ನೊಮ್ಮೆ ಬಗ್ಗಿಸಿದಳು.

"ಲಿಂಗಯ್ಯ ಇಲ್ಲ ಕಣೇ" ಎಂದಳು ಮಗಳಿಗೆ.

"ಇಲ್ಲ ಅಂದ್ರೆ ಏನವ್ವ? ಸರಿಯಾಗ್ ನೋಡು" ಎಂದು ಗುಬ್ಬಿ ಅತ್ತೆ ಕರಡಿಗೆಯೊಳಗೆ ಬೆರಳಾಡಿಸಿ, "ಅಯ್ಯೋ ಶಿವನೇ! ಬಚ್ಚಲಲ್ಲಿ ಮುಚ್ಚಳ ಸಡಿಲಾಗಿ ಜಾರೈತೆ ಅಣ್ಣಯ್ಯ. ಓಡಿ!" ಎಂದು ಕೂಗಿದರು.

ಅಪ್ಪ ಹೈಸ್ಕೂಲ್ ಮೇಷ್ಟ್ರು. ಎಂಥ ಗಲಾಟೆಯಲ್ಲೂ ಮೊದಲನೆಯದು ಯಾವುದು, ಎರಡನೆಯದು ಯಾವುದು ಎಂದು ಗೊತ್ತುಮಾಡುವವರು. "ಅವ್ವ, ಸೂಜಿ ತಗೊಂಡಿದೀಯ. ಮೊದ್ಲು ಒಂದು ಬಾಳೆಹಣ್ಣು ತಿನ್ನು. ಆಮೇಲೆ ಎಲ್ಲಾರೂ ಹುಡುಕಾಣ."

ಅಜ್ಜಿ ಅಪ್ಪನ ಕೈಯಲ್ಲಿದ್ದ ಹಣ್ಣನ್ನು ನೋಡಿದಳು. "ಏನ್ಲಾ ಅಂದೆ? ಲಿಂಗ ಹೋದ ಬಾಯಿಗೆ ಹಣ್ಣು ಇಕ್ತೀಯ? ಮೇಷ್ಟ್ರಂತೆ ಮೇಷ್ಟ್ರು. ಮಕ್ಕಳಿಗೆ ಇದೇನಾ ಹೇಳ್ಕೊಡಾದು?"

ಗದ್ದಲ ಕೇಳಿ ಸ್ವಾಮಿಗಳು ಬಂದರು. ವಿಷಯ ತಿಳಿದೊಡನೆ ಅವರು ಸಮಾಧಾನ ಹೇಳುತ್ತ ನಿಲ್ಲಲಿಲ್ಲ. "ಯಾರೂ ನಲ್ಲಿ ತಿರುಗಿಸಬೇಡಿ" ಎಂದು ಮೇಲುಹೊದಿಕೆಯನ್ನು ಬಾಗಿಲಿಗೆ ಸಿಕ್ಕಿಸಿ ಬಚ್ಚಲಿಗೆ ಇಳಿದರು. ಮೂಲೆಮೂಲೆ ತಡವಿದರು. ಆಮೇಲೆ ಹಿತ್ತಲಿಗೆ ಹೋದರು. ಬಚ್ಚಲ ನೀರು ಅಲ್ಲಿ ಒಂದು ಮೋರಿಯಿಂದ ಬಾಳೆಗಿಡಗಳ ಬುಡಕ್ಕೆ ಬೀಳುತ್ತಿತ್ತು. ಅವರು ಅಲ್ಲಿ ಮಂಡಿಯೂರಿ, ಅಡಿಗೆಮನೆಯಿಂದ ಜರಡಿ ತರಿಸಿಕೊಂಡು, ಕೆಸರನ್ನು ಹಿಡಿಹಿಡಿಯಾಗಿ ಜಾಲಿಸತೊಡಗಿದರು. ನನಗೆ ಅಪ್ಪ ಹೇಳಿದ್ದು ಮೆಟ್ಟಿಲು, ಜಗಲಿ, ವ್ಯಾನಿನತ್ತ ಹೋಗುವ ದಾರಿ ನೋಡೆಂದು.

ಮೆಟ್ಟಿಲು ಇಳಿದು ಓಡಿದೆ. ಎದೆಯ ಮೇಲೆ ಏನೋ ಟಕ್ ಎಂದಿತು.

ಇಲ್ಲಿ ನಿಲ್ಲಬೇಕು. ಬಹಳ ವರ್ಷ ನನ್ನೊಳಗೆ ಹೇಳಿಕೊಂಡ ಪ್ರಕಾರ, ನನಗೆ ಗೊತ್ತಾದದ್ದು ಒಂದು ಗಂಟೆಯ ಮೇಲೆ, ಹಿತ್ತಲಿನಲ್ಲಿ, ಆಕಸ್ಮಿಕವಾಗಿ. ಆದರೆ ಖಾಲಿ ಕರಡಿಗೆ ಶಬ್ದ ಮಾಡುವುದಿಲ್ಲ. ಮೂರು ವರ್ಷ ಅದನ್ನು ಹಾಕಿಕೊಂಡು ಓಡಿದವನಿಗೆ ಅದು ಗೊತ್ತಿರಬೇಕು. ಮುಚ್ಚಳ ಅಲುಗಿದ್ದು ಎಂದುಕೊಂಡೆ. ಎಂದುಕೊಂಡದ್ದು ನಿಜ. ಆದರೆ ಅಲ್ಲಿಂದಾಚೆಗೆ ನಾನು ಓಡಲಿಲ್ಲ, ನಡೆದೆ. ಬಗ್ಗುವಾಗಲೆಲ್ಲ ಎಡಗೈಯಿಂದ ಶರ್ಟಿನ ಮೇಲೆ ಅದನ್ನು ಅದುಮಿ ಹಿಡಿದುಕೊಂಡೆ. ಗೊತ್ತಿಲ್ಲದವನು ಯಾಕೆ ಅದುಮಿ ಹಿಡಿಯುತ್ತಾನೆ?

ಎಂಟೂಕಾಲಿಗೆ ಕೋಣೆಗೆ ಬಂದಾಗ ಅಜ್ಜಿಯ ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿತ್ತು. ಬೆರಳು ನಡುಗುತ್ತಿದ್ದವು. ಆ ಖಾಲಿ ಕರಡಿಗೆಯನ್ನು ಬಿಡದೆ ಹಿಡಿದಿದ್ದಳು. ನನ್ನ ಕರಡಿಗೆ. ನಮ್ಮ ವ್ಯಾನಿನ ಡ್ರೈವರು ರಾತ್ರಿ ಊರೊಳಗೆ ಹೋದವನು ಇನ್ನೂ ಬಂದಿರಲಿಲ್ಲ. ಅಡಿಗೆಮನೆಯ ಸ್ವಾಮಿಗಳು ಡಾಕ್ಟರನ್ನು ಕರೆತರಲು ಲೂನಾ ಹತ್ತಿ ಕುಣಿಗಲ್ಲಿಗೆ ಹೋಗಿದ್ದರು. ಹೋಗಿ ಬರಲು ಮುಕ್ಕಾಲು ಗಂಟೆಯಾದರೂ ಬೇಕು. ಕೋಣೆಯ ಸ್ವಾಮಿಗಳು ಮೊಣಕೈವರೆಗೆ ಕೆಸರಾಗಿ ಬಂದು, ಕೈ ತೊಳೆದು, ಒಂದು ಚೆಂಬು ಬೆಲ್ಲದ ಪಾನಕ ಹಿಡಿದು ಅಜ್ಜಿಯ ಎದುರು ಕೂತರು.

"ಒಂದು ಗುಟುಕು ತಾಯಿ."

"ಆಗಕ್ಕಿಲ್ಲ ಬುದ್ಧೀ." ಸ್ವಾಮಿಗಳನ್ನು ನಮ್ಮ ಕಡೆ ಹಾಗೇ ಕರೆಯುವುದು.

"ಹಿರಿಯ ಬುದ್ಧಿಯವರು ಸಂಜೆಗೆ ಬರ್ತಾರೆ. ಅವರ ಕೈಯಿಂದ ಬೇರೆ ಲಿಂಗ ಕೊಡಿಸ್ತೀನಿ. ಅಲ್ಲೀವರೆಗೂ ನೀವು ಇರಬೇಕಲ್ಲ?"

"ನೀವೇ ಕೊಡ್ರಿ."

"ನನಗಿನ್ನೂ ಆ ಅಧಿಕಾರ ಇಲ್ಲ."

"ಹಂಗಾರೆ ನನ್ ಬಾಯ್ ತೆಗೆಸಾ ಅಧಿಕಾರ ಎಲ್ಲಿಂದ ಬತ್ತು?" ಎಂದು ಕೇಳಿ, ಸ್ವಾಮಿಗಳಿಗೆ ಹಾಗಂದದ್ದಕ್ಕೆ ತಾನೇ ಹೆದರಿ ಕೆನ್ನೆ ಬಡಿದುಕೊಳ್ಳಲು ಹೋದಳು. ಕೈ ಕೆನ್ನೆಗೆ ತಲುಪದೆ ಕಿವಿಗೆ ತಾಗಿತು. ಸ್ವಾಮಿಗಳು ಆ ಕೈಯನ್ನು ನೋಡಿದರು. ಆಮೇಲೆ ಅಪ್ಪನನ್ನು ನೋಡಿದರು. ಅಪ್ಪ ನನ್ನನ್ನು ನೋಡಿದರು, ಸೂಜಿ ಕೊಟ್ಟವನು ನಾನೆಂದು.

"ಎಷ್ಟು ಹೊತ್ತು ತಡೀತಾರೆ?" ಎಂದು ಸ್ವಾಮಿಗಳು ಕೇಳಿದರು.

"ಜಾಸ್ತಿ ಹೊತ್ತಿಲ್ಲ" ಎಂದೆ.

ಆಗ ಹೇಳಬಹುದಿತ್ತು. ಕೊರಳಿಂದ ತೆಗೆದು ಚಾಪೆಯ ಮೇಲಿಟ್ಟರೆ ಸಾಕಿತ್ತು, ಬಾಯಿ ಬಿಡುವುದೂ ಬೇಕಿರಲಿಲ್ಲ. ಆದರೆ ಇಟ್ಟ ಕ್ಷಣವೇ ಇನ್ನೊಂದು ಕರಡಿಗೆ ಯಾರದು, ಅದು ಖಾಲಿ ಯಾಕೆ ಎಂದು ಎಲ್ಲರ ಕಣ್ಣೂ ಕೇಳುತ್ತಿದ್ದವು. ಅಮ್ಮನಿಗೂ ಗೊತ್ತಿತ್ತೆಂಬುದು ಹೊರಬೀಳುತ್ತಿತ್ತು. ಇನ್ನೊಂದು ಭಯವಿತ್ತು, ಅದು ನಿಜವಾದದ್ದೋ ಆಮೇಲೆ ಕಟ್ಟಿಕೊಂಡದ್ದೋ ತಿಳಿಯದು. ಹಿಂದಿನ ವಾರವಷ್ಟೇ ತುಮಕೂರಿನ ಬಸ್‌ಸ್ಟ್ಯಾಂಡ್ ಹತ್ತಿರ ಆಮ್ಲೆಟ್ ತಿಂದಿದ್ದ ನನ್ನ ಎದೆಯ ಮೇಲಿದ್ದ ಲಿಂಗವನ್ನು ಅಜ್ಜಿ ಮುಟ್ಟುತ್ತಾಳೆಯೇ? ಬೇಡವೆಂದುಬಿಟ್ಟರೆ?

"ದನ ಕಟ್ಟಿದ್ರಾ?" ಎಂದಳು ಅಜ್ಜಿ, ಯಾರನ್ನೋ ನೋಡುತ್ತ. ನಿಟ್ಟೂರಿನ ಕೊಟ್ಟಿಗೆ ಖಾಲಿಯಾಗಿ ಆರು ವರ್ಷವಾಗಿತ್ತು.

ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದು ಅಳತೊಡಗಿದರು. ಅಪ್ಪ, "ಹಿಡ್ಕೊಂಡು ಬಾಯಿಗೆ ಹುಯ್ಯಾಣ ಬುದ್ಧಿ" ಎಂದರು. ಸ್ವಾಮಿಗಳು ಬೇಡವೆಂದು ಕೈ ತೋರಿಸಿದರು. ಅಜ್ಜಿಯ ಹಲ್ಲು ಕಚ್ಚಿಕೊಂಡಿತ್ತು.

ನಾನು ಹೊರಗೆ ಬಂದೆ. ಪಡಸಾಲೆಯಲ್ಲಿ ಅಮ್ಮ ನಿಂತಿದ್ದಳು. ನನ್ನ ಎಡಗೈ ಎದೆಯ ಮೇಲಿತ್ತು. ಅವಳು ಆ ಕೈಯನ್ನು ನೋಡಿದಳು. ನೋಡುತ್ತಲೇ ಇದ್ದಳು. ಬಾಗಿಲ ಒಳಗಿಂದ ಅತ್ತೆಯ ಅಳು ಕೇಳುತ್ತಿತ್ತು.

"ಕರಡಿಗೆ ಸಮೇತ ಕೊಡಬೇಡ" ಎಂದಳು.

ಅಮ್ಮ ಇವತ್ತಿಗೂ ತಾನು ಹಾಗೆ ಹೇಳಿಲ್ಲವೆನ್ನುತ್ತಾಳೆ. "ನನಗೆ ಏನೂ ಗೊತ್ತೇ ಇರಲಿಲ್ಲ. ಗೊತ್ತಿದ್ದಿದ್ರೆ ಸುಮ್ನಿರ್ತಿದ್ನಾ? ಸಾಯೋ ಮುದುಕಿ ಮುಂದೆ?" ಎನ್ನುತ್ತಾಳೆ. ಬಹುಶಃ ಹೇಳಿರಲಾರಳು. ಆ ಮಾತು ನನ್ನ ತಲೆಯಲ್ಲೇ ಹುಟ್ಟಿದ್ದಿರಬಹುದು, ಅಮ್ಮನ ದನಿಯಲ್ಲಿ.

ಹಿತ್ತಲಿಗೆ ಹೋದೆ. ಬಾಳೆಗಳ ನಡುವೆ ಸ್ವಾಮಿಗಳು ಜಾಲಿಸಿ ಹಾಕಿದ ಕೆಸರು ಎರಡು ಸಾಲು ಗುಡ್ಡೆಯಾಗಿ ಕೂತಿತ್ತು. ಮೋರಿಯಿಂದ ಮೂರನೆಯ ಬಾಳೆಯವರೆಗೆ ನೆಲವನ್ನು ಗೇಣುದ್ದ ಕೆರೆದಿದ್ದರು. ನಾನು ಶರ್ಟಿನೊಳಗೆ ಕೈಹಾಕಿ ಮುಚ್ಚಳ ತೆಗೆದೆ. ಲಿಂಗ ಅಂಗೈಗೆ ಬಿತ್ತು. ಒಣಗಿತ್ತು. ಹಿಂದಿನ ದಿನದ ಪೂಜೆಯ ವಿಭೂತಿ ಹಾಗೇ ಇತ್ತು. ಅದರ ಮೇಲೆ ಕಣ್ಣಿನ ರೆಪ್ಪೆಯಷ್ಟು ಪತ್ರೆಯ ಚೂರು. ನಾನು ಬಗ್ಗಿ ಹೆಬ್ಬೆರಳಿಗೆ ಕೆಸರು ತಾಗಿಸಿಕೊಂಡು ಅದರ ಒಂದು ಬದಿಗೆ ಒರೆಸಿದೆ. ಇದನ್ನು ಯಾರಿಗೂ ಹೇಳಿಲ್ಲ. ಇದರ ಬಗ್ಗೆ ನೆನಪು ಮೋಸ ಮಾಡುತ್ತಿಲ್ಲ ಎನ್ನಿಸುತ್ತದೆ, ಯಾಕೆಂದರೆ ಇದರಿಂದ ನನಗೆ ಯಾವ ಲಾಭವೂ ಇಲ್ಲ.

"ಸಿಕ್ತು!" ಎಂದು ಕೂಗಿದೆ.

ಮೊದಲು ಬಂದವರು ಸ್ವಾಮಿಗಳು.

"ಎಲ್ಲಿತ್ತು?"

"ಅಲ್ಲಿ. ಬಾಳೆ ಬುಡದಲ್ಲಿ."

ಅವರು ಬಾಳೆಯ ಬುಡ ನೋಡಿದರು. ಅಲ್ಲಿ ಅವರದೇ ಬೆರಳಿನ ಗುರುತುಗಳಿದ್ದವು. ನನ್ನ ಮುಖ ನೋಡಿದರು. ನನ್ನ ಕೊರಳಿನ ಹೊಸ ದಾರವನ್ನೂ ನೋಡಿದರೆಂದು ಕಾಣುತ್ತದೆ. ಅವರ ಉಗುರುಗಳ ಸಂದಿನಲ್ಲಿ ಇನ್ನೂ ಮಣ್ಣಿತ್ತು.

"ಬನ್ನಿ ಬೇಗ" ಎಂದರು. ಅಷ್ಟೇ.

ಪೂರ್ತಿ ಪೂಜೆಗೆ ಹೊತ್ತಿರಲಿಲ್ಲ. ಲಿಂಗವನ್ನು ತೊಳೆಯಲು ಯಾರೋ ನೀರು ತಂದರು. ಸ್ವಾಮಿಗಳು ಅದನ್ನು ಬದಿಗಿಟ್ಟು, ಲಿಂಗವನ್ನು ಅಜ್ಜಿಯ ಎಡಗೈಯಲ್ಲಿ ಇರಿಸಿ ಆ ಕೈಯನ್ನು ತಮ್ಮ ಕೈಯಿಂದ ಆತುಕೊಂಡರು. "ಬಂದ ನೋಡಿ ತಾಯಿ" ಎಂದರು. ಅಜ್ಜಿಯ ಕಣ್ಣು ತಡವಾಗಿ ಕೆಳಕ್ಕೆ ಇಳಿಯಿತು. ಸ್ವಾಮಿಗಳು ಮಂತ್ರ ಹೇಳುತ್ತ ಚೆಂಬಿನ ಬೆಲ್ಲದ ಪಾನಕವನ್ನೇ ಲಿಂಗದ ಮೇಲೆ ಧಾರೆಯಾಗಿ ಎರೆದರು. ಅದು ಅವಳ ಅಂಗೈಯಲ್ಲಿ ತುಂಬಿತು. "ತೀರ್ಥ ತಗೊಳ್ಳಿ." ಕೈಯನ್ನು ಅವರೇ ಬಾಯಿಗೆ ಮುಟ್ಟಿಸಿದರು. ತುಟಿ ತೆರೆಯಿತು. ಇನ್ನೊಮ್ಮೆ ಎರೆದರು. ಇನ್ನೊಮ್ಮೆ. ಕಾವಿಯ ಮೇಲೆಲ್ಲ ಪಾನಕ ಸುರಿಯಿತು. ಹೀಗೆ ಚೆಂಬು ಮುಗಿಯುವ ತನಕ.

ಡಾಕ್ಟರು ಬಂದಾಗ ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು. ಅವರು ನಾಡಿ ನೋಡಿ, ಗ್ಲೂಕೋಸ್ ಕೊಟ್ಟು, "ಇನ್ನೊಂದು ಕಾಲು ಗಂಟೆ ಹೋಗಿದ್ರೆ ನನ್ನ ಕರೆಸೋ ಅಗತ್ಯ ಇರ್ತಿರಲಿಲ್ಲ" ಎಂದು ಅಪ್ಪನನ್ನು ಬೈದು ಹೋದರು. ಅಪ್ಪ ನನ್ನ ಬೆನ್ನು ತಟ್ಟಿದರು. ಅತ್ತೆ ಆಗಲೇ ಪಕ್ಕದ ಕೋಣೆಯವರಿಗೆ ಕಥೆ ಹೇಳತೊಡಗಿದ್ದರು. "ಬುದ್ಧಿಯೋರು ಜಾಲಿಸಿದ್ದ ಜಾಗದಲ್ಲೇ ಕಣ್ರೀ! ಅವರಿಗೆ ಕಾಣ್ಲಿಲ್ಲ, ಇವನಿಗೆ ಕಾಣ್ತು. ಅವನ ಲೀಲೆ ನೋಡಿ!"

ಎಲ್ಲರೂ ಪಂಕ್ತಿಗೆ ಹೋದರು. ಅಜ್ಜಿಯ ಜೊತೆ ಒಬ್ಬರಿರಲಿ ಎಂದು ಅಪ್ಪ ನನ್ನನ್ನು ಬಿಟ್ಟುಹೋದರು.

ಅಜ್ಜಿ ಲಿಂಗವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ನಿಧಾನವಾಗಿ, ಸುತ್ತ. ಮಾತು ಇನ್ನೂ ಸ್ವಲ್ಪ ತೊದಲುತ್ತಿತ್ತು.

"ಕೆಸರು ಒಂದೇ ಮಗ್ಗುಲಿಗೆ ಮೆತ್ತಿದೀಯ" ಎಂದಳು.

ನನ್ನ ಕೈ ತಾನಾಗಿ ಕೊರಳಿನ ದಾರಕ್ಕೆ ಹೋಯಿತು.

"ಕೊಡು ಇಲ್ಲಿ."

ಕೊರಳಿಂದ ತೆಗೆದು ಕೊಟ್ಟೆ. ಮುಚ್ಚಳ ತೆಗೆದು ಮೂಸಿ ನೋಡಿದಳು, ವಿಭೂತಿಯ ವಾಸನೆಯೋ ಏನೋ. ಇದು ತನ್ನದೇ ಎಂದು ಗುರುತು ಹಿಡಿದವಳಂತೆ ಲಿಂಗವನ್ನು ಅದರಲ್ಲಿಟ್ಟು ಕೊರಳಿಗೆ ಹಾಕಿಕೊಂಡಳು. ಬೆಳಗ್ಗೆಯಿಂದ ಹಿಡಿದುಕೊಂಡಿದ್ದ ಇನ್ನೊಂದನ್ನು ನನ್ನತ್ತ ನೂಕಿದಳು.

"ಎಷ್ಟ್ ದಿನ ಆಯ್ತ್ಲಾ?"

"ಮೂರು ವರ್ಷ."

"ಮೂರು ವರ್ಷ ಉಂಡ್ಯಾ?"

"ಹೂಂ."

"ದಿನಾ?"

"ಹೂಂ ಅಜ್ಜಿ."

ಅವಳು ಕಿಟಕಿಯ ಹೊರಗೆ ನೋಡಿದಳು. ಅಲ್ಲಿ ಸ್ವಾಮಿಗಳು ಕೆರೆದ ಮಣ್ಣನ್ನು ಸಲಿಕೆಯಿಂದ ಬಾಳೆಯ ಬುಡಕ್ಕೆ ಮತ್ತೆ ಎಳೆಯುತ್ತಿದ್ದರು. ಬೈಯುತ್ತಾಳೆಂದು ಕಾದೆ. ಅಳುತ್ತಾಳೆಂದೂ ಅಂದುಕೊಂಡೆ. ಬೈದಿದ್ದರೆ ಈಗ ಬರೆಯಲು ಸುಲಭವಾಗುತ್ತಿತ್ತು.

"ನಿಮ್ಮಪ್ಪನಿಗೆ ಹೇಳ್ಬೇಡ" ಎಂದಳು. "ಅವನ್ ಕೈಲಿ ತಡ್ಕಳಕ್ಕಾಗಕ್ಕಿಲ್ಲ."

ಆಮೇಲೆ, "ಹೋಗು. ಉಣ್ಣೋಗು" ಎಂದಳು.

"ಹಸಿವಿಲ್ಲ ಅಜ್ಜಿ."

"ಮೂರು ವರ್ಷ ಆಗ್ದೇ ಇದ್ದುದ್ದು ಇವತ್ಯಾಕ್ಲಾ? ಹೊಸದಾಗಿ ಉಪವಾಸ ಸುರು ಮಾಡ್ಬೇಡ. ಹೋಗು ಅಂದೆ."

ಪಂಕ್ತಿ ಅರ್ಧ ಮುಗಿದಿತ್ತು. ಅಮ್ಮನ ಪಕ್ಕದಲ್ಲಿ ಒಂದು ಎಲೆ ಹಾಗೇ ಬಿಟ್ಟಿದ್ದರು. ಅವಳು ನನ್ನತ್ತ ತಿರುಗಲಿಲ್ಲ, ಕೂರಲು ಜಾಗ ಮಾತ್ರ ಬಿಟ್ಟಳು. ಸ್ವಾಮಿಗಳು ಕೈ ತೊಳೆದುಕೊಂಡು ಬಂದು ಬಡಿಸಿದರು. ಉಪ್ಪಿಟ್ಟು, ಅದರ ಮೇಲೆ ಒಂದು ಚಮಚ ತುಪ್ಪ. ಬಡಿಸುವಾಗ ಅವರೇನಾದರೂ ಹೇಳಿದರೆ ಎದ್ದುಹೋಗುವುದೆಂದು ಸಿದ್ಧನಾಗಿಯೇ ಕೂತಿದ್ದೆ. ಅವರು ಮುಂದಿನ ಎಲೆಗೆ ಹೋದರು.

ಮೊದಲ ತುತ್ತು ಗಂಟಲಲ್ಲಿ ನಿಂತಿತು ಎಂದು ಬರೆದು ಹೊಡೆದುಹಾಕಿದೆ. ಹಾಗೇನೂ ಆಗಲಿಲ್ಲ. ಬೆಳಗ್ಗೆಯಿಂದ ಓಡಾಡಿ ನನಗೆ ಜೋರು ಹಸಿವಾಗಿತ್ತು. ಸ್ವಾಮಿಗಳು ಎರಡನೆಯ ಸಲ ಬಂದಾಗ ಎಲೆಗೆ ಕೈ ಅಡ್ಡ ಹಿಡಿಯಲಿಲ್ಲ. ಇನ್ನೊಂದು ಸೌಟು ಹಾಕಿಸಿಕೊಂಡು ಅದನ್ನೂ ತಿಂದೆ.